ನೀಲಿ ಕೈಗೆ ಬಿಳಿ ಗವಸು

ಲೇಗೋಸಿನ ಸೆಕೆಯಲ್ಲಿ ಉಣ್ಣೆಯ ಕೋಟು ತೊಟ್ಟು ಒತ್ತೊತ್ತಾಗಿ ಕೂತ ಗಂಡಸರ ಬೆವರಿಗೆ ಎಷ್ಟು ಲ್ಯಾವೆಂಡರ್ ನೀರು ಚಿಮುಕಿಸಿದರೂ ಅದು ಬೆವರೇ. ನಾಟಕವಿದ್ದ ಪಿಕರಿಂಗ್ ಸಭಾಂಗಣದ ಬಾಗಿಲು ದಾಟಿದ ಕೂಡಲೇ ಆ ನಾತ ಡೋರ್ಕಸಳ ಮೂಗಿಗೆ ಬಡಿಯಿತು. ತಲೆಗೆ ಮೆತ್ತಿದ ಎಣ್ಣೆ, ಚುಟ್ಟಾದ ಹೊಗೆ, ಕಾಲರಿಗೆ ಹಾಕಿದ ಗಂಜಿ ಹುಳಿತ ವಾಸನೆ, ಎಲ್ಲ ಕಲಸಿಹೋಗಿತ್ತು. ಗೋಡೆಯ ಮೇಲೆ ಎಡ್ವರ್ಡ್ ದೊರೆಯ ಪಟ ನೇತಾಡುತ್ತಿತ್ತು, ಅವನೊಬ್ಬನೇ ಬೆವರುತ್ತಿರಲಿಲ್ಲ. ಆದರೂ ಡೋರ್ಕಸ್ ಖುಷಿಯಾಗಿಯೇ ಇದ್ದಳು. ಇದು ದೊಡ್ಡ ಮನುಷ್ಯರ ವಾಸನೆ, ಇನ್ನು ಮುಂದೆ ತನ್ನ ಮನೆಯ ವಾಸನೆ ಎಂದುಕೊಂಡಳು.

ಯಾಕೆಂದರೆ ಬರುವ ಶನಿವಾರ ಎಬೆನೀಜರ್ ಕೋಲ್‌ನ ಮನೆಯವರು ಕೋಲಾ ಕಾಯಿ, ಜೇನು ತಂದು ಅವಳನ್ನು ಹೆಣ್ಣು ಕೇಳಲು ಬರುವವರಿದ್ದರು. ಕೋಲ್ ಅಂದರೆ ಸಿಯೆರಾ ಲಿಯೋನ್‌ನಿಂದ ಹಿಂದಿರುಗಿ ಬಂದ ಸಾರೋ ಮನೆತನ. ಮನೆಯಲ್ಲಿ ಪಿಯಾನೋ, ಮೇಜಿನ ಮೇಲೆ ಕಸೂತಿ ಬಟ್ಟೆ, ಬಾಯಲ್ಲಿ ಇಂಗ್ಲಿಷು. ಡೋರ್ಕಸ್ ಮಿಷನ್ ಶಾಲೆಯಲ್ಲಿ ಮೇಡಂ ಆಗಿದ್ದರೂ ಬಟ್ಟೆಗೆ ಬಣ್ಣ ಅದ್ದುವವಳ ಮಗಳು, ಮೂವತ್ತರ ಹೊಸ್ತಿಲಲ್ಲಿದ್ದವಳು. ಈ ಸಂಬಂಧ ತಪ್ಪಿದರೆ ಇನ್ನೊಂದು ಬರುತ್ತದೆ ಎಂದು ಅವಳ ಗೆಳತಿಯರಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ, ಅವಳಿಗೂ ಇರಲಿಲ್ಲ. ಹಾಗಾಗಿ ಈ ಒಂದು ಸಂಜೆ ಅವ್ವ ಮರ್ಯಾದೆ ಕಳೆಯದೆ ಸುಮ್ಮನೆ ಕೂತಿದ್ದರೆ ಸಾಕು ಎಂದು ದೇವರಿಗೆ ಮೊರೆಯಿಟ್ಟೇ ಮನೆ ಬಿಟ್ಟಿದ್ದಳು.

ಅವ್ವನ ಹೆಸರು ಅಶಾಕೆ. ನೀಲಿ ಅದ್ದುವ ಕಸುಬು. ನಲವತ್ತು ವರ್ಷ ಬಣ್ಣದ ಮಡಕೆಯಲ್ಲಿ ಕೈ ಆಡಿಸಿ ಮೊಣಕೈವರೆಗೆ ಚರ್ಮ ನೀಲಿಗಟ್ಟಿತ್ತು. ತಿಕ್ಕಿದರೆ ಹೋಗುವ ಬಣ್ಣವಲ್ಲ ಅದು. ಅದಕ್ಕೇ ಡೋರ್ಕಸ್ ಶಾಲೆಯ ಬಹುಮಾನದ ದಿನಕ್ಕೆಂದು ಇಟ್ಟುಕೊಂಡಿದ್ದ ಬಿಳಿ ಗವಸನ್ನು ಅವ್ವನ ಕೈಗೆ ಬಲವಂತವಾಗಿ ತೊಡಿಸಿ ಕರೆತಂದಿದ್ದಳು.

"ಈ ಚೀಲದೊಳ್ಗೆ ಕೈ ತುರುಕ್ಕಂಡು ಎಷ್ಟೊತ್ತು ಕೂರ್ಲೇ ಅಬೇನಿ? ಬೆಳ್ಳು ಉಸ್ರು ಕಟ್ತಾ ಅವೆ," ಎಂದಳು ಅಶಾಕೆ. ಮನೆಯಲ್ಲಿ ಮಗಳಿಗೆ ಅವಳಿಟ್ಟ ಹೆಸರು ಅಬೇನಿ. ಡೋರ್ಕಸ್ ಅನ್ನುವುದಕ್ಕೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ.

"ಮೆತ್ತಗೆ ಮಾತಾಡವ್ವಾ. ಎಲ್ರೂ ನೋಡ್ತಾರೆ."

"ನೋಡ್ಲಿ ಬಿಡು. ಕಾಸು ಕೊಟ್ಟು ಬಂದವ್ರು ನನ್ನೇನು ನೋಡಾದು, ನಾಟ್ಕ ನೋಡ್ಲಿ."

ಪಕ್ಕದಲ್ಲಿ ಬೀಸಣಿಗೆ ಬೀಸುತ್ತ ಮಿಸೆಸ್ ಪಾಮರ್ ಕೂತಿದ್ದಳು, ಎಬೆನೀಜರನ ಚಿಕ್ಕಮ್ಮ. ಅಶಾಕೆ ಮೊಣಕಾಲು ಬಗ್ಗಿಸಿ ಮನೆ, ಮಕ್ಕಳು, ಮೈ, ಸಂಜೆ ಎಲ್ಲದರ ಕ್ಷೇಮ ವಿಚಾರಿಸಿದಳು. ಮಿಸೆಸ್ ಪಾಮರ್ ಬೀಸಣಿಗೆಯ ಮೇಲಿಂದ "ಗುಡ್ ಈವ್ನಿಂಗ್" ಎಂದು ಎಸೆದು ಮುಖ ತಿರುಗಿಸಿದಳು. ಈ ಹೆಂಗಸಿನ ಅಜ್ಜಿ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದದ್ದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವಳಂತೆ ಇದ್ದವಳು ಅವಳೊಬ್ಬಳೇ.

ಅಶಾಕೆಗೆ ಅದರ ಪರಿವೆ ಇರಲಿಲ್ಲ. ಅವಳು ಬಂದದ್ದು ಅಳಿಯನಾಗುವ ಎಬೆನೀಜರನ ನಾಟಕ ನೋಡಲು. ಅವನೇ ಮನೆಗೆ ಬಂದು ಕರೆದಿದ್ದ. ಕಳೆದ ತಿಂಗಳಿಡೀ ಸಂಜೆ ಹೊತ್ತು ಅವನು ಬಣ್ಣದ ಅಂಗಳಕ್ಕೆ ಬರುತ್ತಿದ್ದ. ಕೊಳೆತ ನೀಲಿ ಎಲೆಯ ಆ ನಾತಕ್ಕೆ ಡೋರ್ಕಸ್ ಹುಟ್ಟಿದಾಗಿನಿಂದ ಮೂಗು ಮುಚ್ಚಿದವಳು, ಅವನು ಮಾತ್ರ ಮುಖ ಕಿವಿಚದೆ ಮಣೆಯ ಮೇಲೆ ಕೂತು ಅತ್ತೆ ಕೊಟ್ಟ ಹುರುಳಿಕಡುಬು ತಿನ್ನುತ್ತಿದ್ದ. ಬಂದಾಗಲೆಲ್ಲ ಒದ್ದೆ ನೆಲದ ಮೇಲೆ ಎದೆ ತಾಗುವಂತೆ ಅಡ್ಡಬೀಳುತ್ತಿದ್ದ. ಅಳಿಯನಾಗುವವನು ಹಾಗೆ ಮಾಡಲೇಬೇಕು. ಸಂತೆಯಿರಲಿ, ಸಾವಿನ ಮನೆಯಿರಲಿ, ಅತ್ತೆ ಕಂಡಲ್ಲಿ ಅಡ್ಡಬೀಳಬೇಕು, ಅವಳು ಏಳು ಎಂದ ಮೇಲೆ ಏಳಬೇಕು.

ಒಂದು ದಿನ ಅವನು ಕೇಳಿದ್ದ, "ಅತ್ತೆ, ನಿಮ್ಮ ಮನೆತನದ ಒರಿಕಿ ನಂಗೂ ಹೇಳ್ಕೊಡಿ. ನಾಳೆ ನನ್ ಮಕ್ಳಿಗೆ ಬೇಕಲ್ವಾ?"

ಒರಿಕಿ ಅಂದರೆ ವಂಶದ ಬಿರುದಾವಳಿ. ಅಶಾಕೆಯ ಕಣ್ಣಲ್ಲಿ ನೀರೇ ಬಂದಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಒಂದು ದಿನ ಕೇಳದ್ದನ್ನು ಅಳಿಯ ಕೇಳಿದನಲ್ಲ ಎಂದು ಸಾಲು ಸಾಲಾಗಿ ಹೇಳಿಕೊಟ್ಟಳು. ಆಮೇಲೆ ಅವನು ಅವಳ ಎತು ಬಟ್ಟೆಯನ್ನೂ ಕೇಳಿದ. ನೂಲಿಗೆ ತಾನೇ ಬಣ್ಣ ಅದ್ದಿ ನೇಯಿಸಿ, ತನ್ನ ಹೆಣದ ಮೇಲೆ ಹೊದಿಸಲಿ ಎಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಕಡುನೀಲಿ ಬಟ್ಟೆ. "ನಾಟಕದಲ್ಲಿ ಒಬ್ಬಳು ರಾಣಿ ಬರ್ತಾಳೆ ಅತ್ತೆ. ಇಂಥ ಬಟ್ಟೆ ಊರಲ್ಲಿ ಇನ್ನೆಲ್ಲೂ ಇಲ್ಲ," ಎಂದಿದ್ದ. ಅವಳು ಎರಡು ಕೈಯಲ್ಲೂ ಎತ್ತಿ ಕೊಟ್ಟಿದ್ದಳು.

"ರಾಣಿ ಯಾವಾಗ ಬತ್ತಾಳೆ?" ಎಂದು ಅವಳು ಪದೇ ಪದೇ ಕೇಳುತ್ತಿದ್ದಳು. ರಂಗದ ಮೇಲೆ ಒಬ್ಬ ಇಂಗ್ಲೆಂಡಿನ ಹಿಮವನ್ನು ಕುರಿತು ಹಾಡು ಹೇಳಿ ಹೋದ. ಇನ್ನೊಬ್ಬ ತುತ್ತೂರಿ ಊದಿ, ಅದರೊಳಗಿನ ಎಂಜಲನ್ನು ಮುಂದಿನ ಸಾಲಿನವರ ಕಾಲಬಳಿಯೇ ಕೊಡವಿದ. ಅದಕ್ಕೂ ಚಪ್ಪಾಳೆ ಬಿತ್ತು.

ಆಮೇಲೆ ಪರದೆ ಸರಿಯಿತು. ಒಬ್ಬ ಸಂತೆಯ ಹೆಂಗಸು ತೂರಾಡುತ್ತ ಬಂದಳು. ಕುಂಡೆಗೆ ಚಿಂದಿ ತುರುಕಿ ದಪ್ಪ ಮಾಡಿ, ಮುಖಕ್ಕೆ ಸುಟ್ಟ ಬೆಂಡಿನ ಮಸಿ ಬಳಿದು, ಕೆನ್ನೆಯ ಮೇಲೆ ಸುಣ್ಣದಲ್ಲಿ ಮೂರು ಗೀರು ಎಳೆದುಕೊಂಡಿದ್ದ ಗಂಡಸು. ತಲೆಯ ಮೇಲಿನ ಮಡಕೆ ಬೀಳುವಂತಾಗಿ, ಬೀಳದೆ ಮತ್ತೆ ವಾಲಿದಾಗ ಸಭೆಗೆ ಸಭೆಯೇ ನಕ್ಕಿತು. ಡೋರ್ಕಸಳೂ ನಕ್ಕಳು, ಹಲ್ಲು ಕಾಣುವಂತೆಯೇ ನಕ್ಕಳು. ಆಮೇಲೆ ಮಡಕೆ ಹಿಡಿದ ಕೈ ನೋಡಿದಳು. ಮೊಣಕೈವರೆಗೆ ನೀಲಿ ಬಳಿದಿತ್ತು. ಉಟ್ಟದ್ದು ಎತು ಬಟ್ಟೆ. ಕೆನ್ನೆಯ ಆ ಮೂರು ಗೀರು, ಪಕ್ಕದಲ್ಲಿ ಕೂತ ಅವ್ವನ ಕೆನ್ನೆಗೆ ಎಳವೆಯಲ್ಲೇ ಕೊಯ್ದಿದ್ದ ಕುಲದ ಗುರುತೇ. ಎಡಗಾಲು ಎಳೆಯುವ ನಡಿಗೆಯೂ ಅವ್ವನದೇ. ಮಸಿಯ ಹಿಂದಿನ ಮುಖ ಎಬೆನೀಜರನದು.

ಎಬೆನೀಜರ್ ಗಿರಾಕಿಯೊಡನೆ ಜಗಳ ಕಾದ, ಉಗಿದ, ಕಂಕುಳು ತುರಿಸಿಕೊಂಡ. ಬಟ್ಟೆಯ ಸೆರಗು ಎತ್ತಿ ಅದರಲ್ಲೇ ಸರ್ರನೆ ಮೂಗು ಸೀಟಿದ. ಮುಂದಿನ ಸಾಲಿನ ವಕೀಲರೊಬ್ಬರು ನಕ್ಕು ನಕ್ಕು ಕೆಮ್ಮಿದರು. ಪಾದ್ರಿಯವರ ಹೊಟ್ಟೆ ಕುಣಿಯಿತು. ಡೋರ್ಕಸಳಿಗೆ ಮೈಯೆಲ್ಲ ಎಂಜಲು ಬಿದ್ದ ಹಾಗೆ ಅಸಹ್ಯವಾಯಿತು. ಅವ್ವನ ಕಡೆ ತಿರುಗಲು ಧೈರ್ಯ ಬರಲಿಲ್ಲ. ಅವ್ವ ಅಲುಗಾಡದೆ ಕೂತಿದ್ದಳು. ಇದು ಯಾರ ಅಣಕ ಎಂದು ಅವಳಿಗೆ ಇನ್ನೂ ಹೊಳೆದಿರಲಿಕ್ಕಿಲ್ಲ, ರಾಣಿ ಹಿಂದಿನಿಂದ ಬರುತ್ತಾಳೆ ಎಂದುಕೊಂಡಿರಬೇಕು ಎಂದು ಡೋರ್ಕಸ್ ಆಸೆಪಟ್ಟಳು.

ಅಷ್ಟರಲ್ಲಿ ಅವನು ಸೊಂಟದ ಮೇಲೆ ಕೈಯಿಟ್ಟು, ಕತ್ತು ಕೊಂಕಿಸಿ, ಕೋಳಿ ಮೊಟ್ಟೆಯಿಡುವಾಗ ಕೂಗುವ ದನಿಯಲ್ಲಿ ಶುರುಮಾಡಿದ:

"ಅಶಾಕೇ, ನೀಲಿ ಮಡಕೆಯ ಒಡತೀ! ಆನೆ ಹಾದ ದಾರಿಯ ಮಗಳೇ! ಹೊಳೆ ದಾಟಿದರೂ ಕಾಲು ನೆನೆಯದವನ ಮೊಮ್ಮಗಳೇ! ಕೊಕ್ಕೊಕ್ಕೊ!"

ಇಂಗ್ಲಿಷಿನ ಹಾಡಿಗೆ ತಲೆದೂಗಿದ್ದ ಜನ ತಮ್ಮ ತಾಯಿಮಾತಿಗೆ ಬಿದ್ದು ಬಿದ್ದು ನಕ್ಕರು.

ಅಶಾಕೆ ಎದ್ದು ನಿಂತಳು.

"ಕೂತ್ಕೊ ಅವ್ವಾ! ನಿನ್ ದಮ್ಮಯ್ಯ, ಕೂತ್ಕೊ." ಡೋರ್ಕಸ್ ಅವಳ ಸೆರಗು ಹಿಡಿದು ಜಗ್ಗಿದಳು.

"ಕರೀತಾವ್ನೆ ಕಣೇ. ನಮ್ಮಪ್ಪನ ಎಸ್ರು ಎತ್ತವ್ನೆ. ಕರೆದಾಗ ಕೂತಿರಾಕೆ ಆಯ್ತದಾ?"

ಬಿರುದು ಕರೆದರೆ ಎದ್ದು ಓಗೊಡಬೇಕು. ಕರೆದವನು ಕಳ್ಳನಿರಲಿ, ಕುಡುಕನಿರಲಿ, ಸತ್ತ ಹಿರಿಯರು ಎದುರು ಬಂದು ನಿಂತಿರುತ್ತಾರೆ, ಅವರ ಮುಂದೆ ಕೂತಿರುವುದು ಉಂಟೇ? ಅಶಾಕೆ ಎರಡೂ ಗವಸನ್ನು ಕಿತ್ತು ಮಗಳ ಮಡಿಲಿಗೆ ಹಾಕಿದಳು. ಎಡಗಾಲು ಎಳೆಯುತ್ತ ಸಾಲು ದಾಟಿ, ನಡುದಾರಿಯಲ್ಲಿ ನಡೆದು, ರಂಗದ ಮೆಟ್ಟಿಲ ಬಳಿ ನಿಂತು, ನೀಲಿ ಕೈ ಎತ್ತಿ "ಓ! ಇಲ್ಲೇ ಇವ್ನಿ!" ಎಂದು ತುಂಬು ದನಿಯಲ್ಲಿ ಓಗೊಟ್ಟಳು.

ರಂಗದ ಮೇಲೊಂದು ನೀಲಿ ಕೈ, ಕೆಳಗೊಂದು ನೀಲಿ ಕೈ. ಇದೂ ನಾಟಕದ್ದೇ ಎಂದುಕೊಂಡ ಜನ ಕುರ್ಚಿ ಗುದ್ದಿ ನಕ್ಕರು. ಅಶಾಕೆ ನಗಲಿಲ್ಲ, ಬೈಯಲಿಲ್ಲ. ಅಳಿಯನ ಮುಖವನ್ನೇ ನೋಡುತ್ತ ಕಾದಳು. ಅವಳು ಏನಕ್ಕೆ ಕಾಯುತ್ತಿದ್ದಾಳೆ ಎಂದು ಎಬೆನೀಜರನಿಗೆ ಗೊತ್ತಿತ್ತು. ಡೋರ್ಕಸಳಿಗೂ ಗೊತ್ತಿತ್ತು. ಅಡ್ಡಬಿದ್ದರೆ ಆಯಿತು, ಎಲ್ಲ ತೊಳೆದುಹೋಗುತ್ತದೆ. ಒಂದು ಗಳಿಗೆ ಅವನ ಮೊಣಕಾಲು ಬಗ್ಗಿತು ಕೂಡ. ಆಮೇಲೆ ಅವನು ಮುಂದಿನ ಸಾಲಿನ ವಕೀಲರ ಕಡೆ ನೋಡಿದ. ಸೆರಗನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ದೊರೆಸಾನಿಯರ ಹಾಗೆ ಬಳುಕಿ ಬಗ್ಗಿದ. "ಲೇಡೀಸ್ ಅಂಡ್ ಜೆಂಟಲ್ಮೆನ್, ಇವಳು ನನ್ನ ಅವಳಿ!" ಎಂದ.

ಥೂ. ಡೋರ್ಕಸಳ ಬಾಯಿಗೆ ಬಂದದ್ದು ಅದೊಂದೇ. ಅವಳು ಎದ್ದಳು. ಮಿಸೆಸ್ ಪಾಮರ್ ತೋಳು ಹಿಡಿದಳು.

"ಸುಮ್ನೆ ಕೂತ್ಕೊ ಹುಡುಗಿ, ತಮಾಷೆಗೆ ಅಷ್ಟೆ. ನೀನು ಎದ್ದು ಹೋಗ್ಲಿಲ್ಲ ಅಂದ್ರೆ ಆಕೆ ಯಾರು ಅಂತ ಇಲ್ಲಿ ಯಾರಿಗೂ ಗೊತ್ತಾಗಲ್ಲ."

ಅದು ನಿಜವೇ ಆಗಿತ್ತು. ಕೂತಿದ್ದರೆ ಶನಿವಾರ ಬರುತ್ತಿತ್ತು, ಜೇನು ಬರುತ್ತಿತ್ತು. ಡೋರ್ಕಸ್ ಆ ಕೈ ಕೊಡವಿದಳು. ಗವಸುಗಳನ್ನು ಮುಷ್ಟಿಯಲ್ಲಿ ಹಿಡಿದೇ ರಂಗದ ಬಳಿಗೆ ನಡೆದು, ರೇಷ್ಮೆ ಗೌನು ಕೊಳೆಯಾಗುವುದನ್ನೂ ಲೆಕ್ಕಿಸದೆ, ಅವ್ವನ ಕಾಲ ಬಳಿ, ಕೋಲಾ ಕಾಯಿಯ ಉಗುಳು ಬಿದ್ದ ನೆಲಕ್ಕೆ ಎರಡೂ ಮೊಣಕಾಲೂರಿದಳು.

"ಇವ್ಳು ನಮ್ಮವ್ವ," ಎಂದಳು, ಶಾಲೆಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ, ಅವ್ವನ ಮಾತಿನಲ್ಲೇ.

ಆಮೇಲೆ ಮೆಟ್ಟಿಲು ಹತ್ತಿ ಅವನ ಸೊಂಟದ ಗಂಟಿಗೆ ಕೈ ಹಾಕಿದಳು. ಎಬೆನೀಜರ್ ತುಟಿಯಂಚಿನಲ್ಲಿ ಪಿಸುಗುಟ್ಟಿದ, "ಏ ಡೋರ್ಕಸ್, ಏನಾಗಿದೆ ನಿಂಗೆ? ನಮ್ಮಪ್ಪ ಕೂತಿದಾರೆ ಅಲ್ಲಿ. ಶನಿವಾರ ನಾನೇ ಬಂದು ನಿಮ್ಮವ್ವನ ಕಾಲಿಗೆ ಬೀಳ್ತೀನಿ, ಆಯ್ತಾ?"

"ಮನೆಯೊಳಗೆ ಬೀಳೋದು, ಬೀದೀಲಿ ಅಣಕಿಸೋದು. ಬರಬೇಡ ನೀನು. ನಿಮ್ಮ ಮನೆಯ ನಾಯೀನೂ ನಮ್ಮ ಮನೆ ಕಡೆ ಬರೋದು ಬೇಡ."

ಗಂಟು ಬಿಚ್ಚಿ ಬಟ್ಟೆ ಎಳೆದಾಗ ಕುಂಡೆಗೆ ಕಟ್ಟಿದ್ದ ಚಿಂದಿಯೆಲ್ಲ ರಂಗದ ಮೇಲೆ ಉದುರಿತು. ಎಬೆನೀಜರ್ ಒಳಚಡ್ಡಿಯಲ್ಲಿ ನಿಂತ. ಸಭೆ ಈಗ ಮೊದಲಿಗಿಂತ ಜೋರಾಗಿ ನಕ್ಕಿತು. ಯಾರನ್ನು ಕುರಿತು ನಗುತ್ತಿದ್ದೇವೆ ಎಂಬುದು ಆ ಜನಕ್ಕೆ ಮುಖ್ಯವೇ ಆಗಿರಲಿಲ್ಲ, ನಗಲು ಒಂದು ಮೈ ಸಿಕ್ಕರೆ ಸಾಕಿತ್ತು. ಈ ಹೊಲಸು ನಗುವಿಗೆ ತಾನು ಎಷ್ಟು ವರ್ಷ ಆಸೆಪಟ್ಟೆ ಎಂದುಕೊಂಡು ಡೋರ್ಕಸ್ ಬಟ್ಟೆಯನ್ನು ಸುರುಳಿ ಸುತ್ತಿ, ಅವ್ವನ ಕೈ ಹಿಡಿದು ಹೊರಗೆ ನಡೆದಳು.

ಹೊರಗೆ ಹಿನ್ನೀರಿನ ಗಾಳಿ ಬೀಸುತ್ತಿತ್ತು. ಅಶಾಕೆ ಬೀದಿದೀಪದ ಕೆಳಗೆ ನಿಂತು ಬಟ್ಟೆಯನ್ನು ಮೂಗಿಗೆ ಹಿಡಿದಳು. ವೇಷದ ಬಣ್ಣದ ಎಣ್ಣೆ, ಜಿನ್ ಸಾರಾಯಿ, ಅವನ ಸಿಂಬಳ. ಸೆರಗನ್ನು ಒಳಗೆ ಮಾಡಿ ಮಡಿಚಿದಳು.

"ಒಗೆದ್ರೆ ಹೋಗತ್ತೆ ಅವ್ವಾ. ನಾನೇ ಒಗೀತೀನಿ," ಎಂದಳು ಡೋರ್ಕಸ್. ಬಣ್ಣದ ಅಂಗಳದಲ್ಲಿ ಅವಳು ಒಂದು ದಿನವೂ ಬಟ್ಟೆ ಒಗೆದವಳಲ್ಲ.

"ಬಟ್ಟೆ ಹೋಗ್ಲಿ ಬಿಡು. ಅವ್ನು ಒರಿಕಿ ಅರ್ಧಕ್ಕೆ ಬಿಟ್ಬುಟ್ಟ ಕಣೇ. ನಮ್ಮಪ್ಪ, ನಮ್ಮಜ್ಜಿ ಎಲ್ರೂವೆ ಬಂದು ನಿಂತವ್ರೆ. ಕರೆದ್ಬುಟ್ಟು ಹಂಗೇ ನಿಲ್ಸಿ ಬರಾಕಾಯ್ತದಾ? ನೀನು ಮುಗ್ಸು. ಹೇಳು, ಕೇಳ್ತೀನಿ."

ತನ್ನ ಬಿರುದನ್ನು ತಾನೇ ಹೇಳಿಕೊಳ್ಳುವಂತಿಲ್ಲ, ಬೇರೆಯವರು ಕರೆಯಬೇಕು. ಅಶಾಕೆ ಬಟ್ಟೆಯನ್ನು ಎದೆಗವುಚಿ, ತಲೆ ತಗ್ಗಿಸಿ ಕಾದಳು. ಡೋರ್ಕಸಳಿಗೆ ಬೈಬಲ್ಲಿನ ಅಧ್ಯಾಯಗಳು ಬಾಯಿಗೆ ಬರುತ್ತಿದ್ದವು, ಇಂಗ್ಲೆಂಡಿನ ರಾಜರ ಹೆಸರು ಸಾಲಾಗಿ ಬರುತ್ತಿದ್ದವು. ಬಾಯಿ ತೆರೆದಳು. ಆನೆ ಹಾದ ದಾರಿಯ ಮಗಳೇ, ಹೊಳೆ ದಾಟಿದರೂ ಕಾಲು ನೆನೆಯದವನ ಮೊಮ್ಮಗಳೇ. ಮುಂದೆ? ಮುಂದೆ ನಾಲಿಗೆಯ ತುದಿಗೆ ಬಂದದ್ದು ಕೋಳಿಯ ಕೊಕ್ಕೊಕ್ಕೊ ಒಂದೇ. ಆ ಎರಡು ಸಾಲನ್ನೂ ಅವಳು ಅವನ ಬಾಯಿಂದಲೇ ಕೇಳಿದ್ದಳು, ಈಗ ಅರ್ಧ ಗಂಟೆಯ ಹಿಂದೆ.

"ಗೊತ್ತಿಲ್ಲವ್ವಾ."

ಅಶಾಕೆ ಬಟ್ಟೆಯನ್ನು ಗಂಟು ಕಟ್ಟಿದಳು. ಅದನ್ನು ತಲೆಯ ಮೇಲೆ ಇಟ್ಟುಕೊಂಡಳು.

"ಅವ್ನಿಗೆ ಪೂರ್ತಿ ಬತ್ತಿತ್ತು," ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಎಡಗಾಲು ಎಳೆಯುತ್ತ ಮನೆಯ ದಾರಿ ಹಿಡಿದಳು.

ಡೋರ್ಕಸ್ ಅವಳ ಹಿಂದೆ ನಡೆದಳು. ಮುಷ್ಟಿಯಲ್ಲಿ ಗವಸುಗಳು ಬೆವರಿಗೆ ಒದ್ದೆಯಾಗಿದ್ದವು. ಬಿಡಿಸಿ ನೋಡಿದಳು. ಅವ್ವನ ನೀಲಿ ಕೈ ಯಾರಿಗೂ ಕಾಣದಿರಲಿ ಎಂದು ತೊಡಿಸಿದ್ದ ಗವಸು. ತನ್ನ ಕೈಯಂತೆಯೇ ಅದರಲ್ಲೂ ಒಂದು ಚುಕ್ಕೆ ನೀಲಿ ಇರಲಿಲ್ಲ.