ಹಗ್ಗ ಹೊಸೆದ ಕೈ

ನಮ್ಮ ಮನೆಯವರು ಸಿದ್ದಲಿಂಗಪ್ಪ ಸಮುದ್ರ ನೋಡಿದ್ದು ಎರಡೇ ಸಲ. ಒಮ್ಮೆ ಮದುವೆಯಾದ ಹೊಸತರಲ್ಲಿ, ಗಣಪತಿಪುಳೆಯಲ್ಲಿ. ನೀರು ಪಾದ ಮುಟ್ಟಿದ ಕೂಡಲೇ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ಓಡಿ ಬಂದಿದ್ದರು. ಇನ್ನೊಮ್ಮೆ ಮುಂಬಯಿಯಲ್ಲಿ, ಬಸ್ಸಿನ ಕಿಟಕಿಯಿಂದ. ಇಂಥ ಮಹಾನುಭಾವರು ನಿವೃತ್ತರಾದ ಮರುವಾರವೇ ಮೂರು ಕಂಬದ ಹಾಯಿಹಡಗಿನ ಮಾದರಿ ಕಟ್ಟುತ್ತೇನೆಂದು ಹೊರಟರು. ಹಡಗಿಗೆ ಜಾಗ ಸಿಕ್ಕಿದ್ದು ನಮ್ಮ ಊಟದ ಮೇಜಿನ ಮೇಲೆ. ಅಂದಿನಿಂದ ಮರಾಠಿ ಸೀಮೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ಹಡಗು ಮೇಜಿನ ಮೇಲೆ, ನಾವು ಮೂವರು ನೆಲದ ಮೇಲೆ.

ಮೂರನೆಯವರು ನಮ್ಮ ಅತ್ತೆ ಬಸವಣ್ಣೆವ್ವ. ಎಂಬತ್ತೆರಡು ವರ್ಷ. ಸಿಂದಗಿಯಿಂದ ನಮ್ಮಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಹಲ್ಲು ಅರ್ಧ ಉದುರಿದರೂ ಬೈಗುಳ ಒಂದೂ ಉದುರಿಲ್ಲ. ಬೈಗುಳವೆಲ್ಲ ಒಂದೇ ವಿಷಯಕ್ಕೆ, ಅದೂ ನನಗೊಬ್ಬಳಿಗೇ. ನಾನು ಎಡಚಿ. ಬರೆಯುವುದು, ಕಾಯಿಪಲ್ಲೆ ಹೆಚ್ಚುವುದು, ಕಸ ಹೊಡೆಯುವುದು ಎಲ್ಲ ಎಡಗೈಯಲ್ಲೇ. "ಶೈಲಾ, ಆ ಕೈ ಬಿಡು!" ಎಂಬ ಮಾತು ಮದುವೆಯಾದ ಮರುದಿನ ಶುರುವಾದದ್ದು ಮೂವತ್ನಾಲ್ಕು ವರ್ಷವಾದರೂ ನಿಂತಿರಲಿಲ್ಲ. ಅವರು ನೋಡುತ್ತಿದ್ದರೆ ನಾನು ಹಾಲಿನ ಚೀಲವನ್ನೂ ಬಲಗೈಯಲ್ಲೇ ಇಸಿದುಕೊಳ್ಳುತ್ತಿದ್ದೆ. ಇದರಿಂದ ನನಗೆ ಎಷ್ಟು ಸಿಟ್ಟು ಬರುತ್ತಿತ್ತು ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಅತ್ತೆಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು, ಅದನ್ನು ಒಪ್ಪಲೇಬೇಕು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವ ಶಿವದಾರವನ್ನು ಅವರು ನೂಲಿನಿಂದ ಹೊಸೆದು ಕೊಡುತ್ತಾರೆ. ಸುತ್ತಮುತ್ತಲಿನ ನಮ್ಮ ಕನ್ನಡದ ಮನೆಗಳವರ ಕೊರಳಲ್ಲೆಲ್ಲ ಅವರದೇ ದಾರ. ಹೊಸೆಯುವಾಗ ಮಾತ್ರ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಅದೂ ಒಂದು ಪೂಜಿ ಇದ್ದಂಗ. ಯಾರೂ ನೋಡಬಾರದು" ಎನ್ನುತ್ತಿದ್ದರು. ಹಾಗಾದರೆ ನೋಡಬಾರದು ಎಂದು ನಾವೂ ಸುಮ್ಮನಿದ್ದೆವು.

ಹಡಗಿನ ಸಂಕಟ ಬೇರೆಯೇ ಇತ್ತು. ಊರಿನ ಆಚೆ ತುದಿಯ ನಿಗಡಿಯಲ್ಲಿ ಹಡಗಿನ ಮಾದರಿ ಮಾಡುವವರದೊಂದು ಕೂಟವಿದೆ. ವರ್ಷಕ್ಕೊಮ್ಮೆ ಪ್ರದರ್ಶನ. ಒಳಗಿನ ದೊಡ್ಡ ಮೇಜಿನ ಮೇಲೆ ನಿಮ್ಮ ಹಡಗು ನಿಲ್ಲಬೇಕಾದರೆ, ನಲವತ್ತು ವರ್ಷ ಕಡಲಿನಲ್ಲೇ ಕಳೆದ ಕ್ಯಾಪ್ಟನ್ ಪರಾಂಜಪೆಯವರು ಅದನ್ನು ಒಪ್ಪಬೇಕು. ಒಪ್ಪದಿದ್ದರೆ ಹೊರಗೆ ವರಾಂಡದಲ್ಲಿ, ಶಾಲೆಯ ಮಕ್ಕಳು ಐಸ್‌ಕ್ರೀಮ್ ಕಡ್ಡಿಯಿಂದ ಮಾಡಿದ ದೋಣಿಗಳ ಪಕ್ಕ. ಅವರ ನಿಯಮವೂ ಕಟ್ಟುನಿಟ್ಟು: ಹಗ್ಗ ಅಂಗಡಿಯದಾಗಿರಬಾರದು, ಮನೆಯಲ್ಲೇ ಹೊಸೆದದ್ದಾಗಿರಬೇಕು.

ಮೊದಲ ವರ್ಷ ನಮ್ಮವರು ನನ್ನ ಹೊಲಿಗೆ ಡಬ್ಬಿಯ ದಾರವನ್ನೇ ಕಟ್ಟಿದ್ದರು. "ಇದು ಹಡಗೋ, ದರ್ಜಿ ಅಂಗಡಿಯೋ?" ಎಂದರು ಕ್ಯಾಪ್ಟನ್. ವರಾಂಡ. ಎರಡನೆಯ ವರ್ಷ ತಾವೇ ತೊಡೆಯ ಮೇಲೆ ಹೊಸೆದರು. ಕ್ಯಾಪ್ಟನ್ ಭೂತಗನ್ನಡಿ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ಹಡಗಿನ ಹಗ್ಗವನ್ನು ನೆಟ್ಟಗೆ ಹಿಡಿದರೆ ಎಳೆಗಳು ಬಲಕ್ಕೆ ಏರಬೇಕಂತೆ. ನಮ್ಮವರವು ಎಡಕ್ಕೆ ಏರುತ್ತಿದ್ದವು. ಮತ್ತೆ ವರಾಂಡ.

ಅದಾದ ಮೇಲೆ ಎರಡು ದಿನ ಅವರು ಹಡಗಿನ ಮೇಲೆ ಹಳೆಯ ಟವೆಲ್ ಹೊದಿಸಿಟ್ಟರು. ಆಗ ಮಾತ್ರ ನನಗೆ ಕೆಟ್ಟೆನಿಸಿತು. ಮೂವತ್ತಾರು ವರ್ಷ ಬೇರೆಯವರ ಅರ್ಜಿಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿದ ಮನುಷ್ಯ. ಸ್ವಂತ ಕೈಯಿಂದ ಮಾಡಿದ್ದನ್ನು ಯಾರಾದರೂ ಒಂದು ಮೇಜಿನ ಮೇಲೆ ಇಡಲಿ ಎಂದು ಆಸೆಪಟ್ಟರೆ ತಪ್ಪೇನು?

ಮೂರನೆಯ ವರ್ಷ ತಿರುಗಿಸಿ ಹೊಸೆಯಲು ಕುಳಿತರು. ಆದರೆ ಕೈ ಕೇಳಬೇಕಲ್ಲ! ಸ್ವಲ್ಪ ಮೈಮರೆತರೆ ಹಳೆಯ ಚಾಳಿಗೇ ಮರಳುತ್ತಿತ್ತು. ಅರ್ಧ ಹಗ್ಗ ಆ ಕಡೆ, ಅರ್ಧ ಹಗ್ಗ ಈ ಕಡೆ, ನಡುವೆ ಒಂದು ಗಂಟು. "ಹಡಗು ಹೋಗ್ತಾನೂ ಅದ, ಬರ್ತಾನೂ ಅದ ಬಿಡ್ರಿ" ಎಂದೆ. ನಗಲಿಲ್ಲ. ಮನೆ ತುಂಬ ದಾರದ ಚೂರು ಬಿದ್ದದ್ದನ್ನು ನೋಡಲಾರದೆ ಅತ್ತೆ ಕೊನೆಗೆ ಉಂಡೆಯನ್ನೇ ಕಸಿದುಕೊಂಡರು.

"ಕೊಡ ಇಲ್ಲೆ, ಸಿದ್ದಾ. ಹಗ್ಗ ಅಂದ್ರ ಏನಂತ ನಿನಗ ಗೊತ್ತಿಲ್ಲ."

ಕೋಣೆಯ ಬಾಗಿಲು ಮುಚ್ಚಿತು. ಸಂಜೆಗೆ ಬಾಗಿಲು ತೆರೆದಾಗ ಅತ್ತೆಯ ಕೈಯಲ್ಲಿ ಮೊಳಗಟ್ಟಲೆ ಹಗ್ಗ, ತೆಳುವಾದದ್ದು, ದಪ್ಪದ್ದು, ಎಲ್ಲ ಒಂದೇ ಬಿಗಿ. ನಮ್ಮವರು ಭೂತಗನ್ನಡಿ ಹಿಡಿದು ನೋಡಿದರು. ಎಳೆಗಳೆಲ್ಲ ಬಲಕ್ಕೆ! "ಅವ್ವನ ಕೈಗುಣ" ಎಂದು ಕುಣಿದಾಡಿದರು. ಅದು ಹೇಗಾಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲಿನ ಒಂದು ತಿಂಗಳು ಹಗ್ಗದ ಶೃಂಗಾರ. ದೀಪದ ಮೇಲೆ ಆಡಿಸಿ ನೂಲಿನ ನವಿರು ಸುಟ್ಟರು, ಜೇನುಮೇಣ ಸವರಿದರು, ಕಂಬ ಹಿಡಿದು ನಿಲ್ಲಿಸುವ ಹಗ್ಗಕ್ಕೆ ಕಪ್ಪು ಬಣ್ಣ, ಹಾಯಿ ಎಳೆಯುವ ಹಗ್ಗಕ್ಕೆ ನನ್ನ ಚಹಾಪುಡಿಯ ಕಷಾಯ. ಸುರುಳಿ ಸುತ್ತಿ ತೂಗುಹಾಕಿದ ಹಗ್ಗ ನಿಜವಾದದ್ದರಂತೆ ಭಾರಕ್ಕೆ ಜೋತುಬೀಳಬೇಕೆಂದು ಅಂಟಿನ ನೀರು ಹಚ್ಚಿ ಬೆರಳಿನಿಂದ ಕೆಳಗೆ ನೀವುತ್ತಿದ್ದರು. ನನ್ನ ಕೂದಲಿಗೆ ಒಂದು ದಿನವೂ ಇಷ್ಟು ಕಾಳಜಿ ಮಾಡಿದವರಲ್ಲ.

ಪ್ರದರ್ಶನದ ದಿನ ಪಕ್ಕದ ಮನೆಯ ಭೀಮಣ್ಣ ತನ್ನ ಕಾರಿನಲ್ಲಿ ನಮ್ಮನ್ನೆಲ್ಲ ನಿಗಡಿಗೆ ಕರೆದೊಯ್ದ. ಬಟ್ಟೆ ವ್ಯಾಪಾರಿ, ಒಳ್ಳೆಯ ಮನುಷ್ಯ, ಅವನ ಕೊರಳಲ್ಲೂ ಅತ್ತೆ ಹೊಸೆದ ಶಿವದಾರ. ಹಡಗು ನಮ್ಮವರ ತೊಡೆಯ ಮೇಲೆ. ರಸ್ತೆಯ ಒಂದೊಂದು ತಗ್ಗಿಗೂ ಅವರು ಉಸಿರು ಹಿಡಿಯುತ್ತಿದ್ದರು. ಸ್ವಾರಗೇಟ್ ಚೌಕ ದಾಟುವಷ್ಟರಲ್ಲಿ ಹಡಗಿಗಿಂತ ಮೊದಲು ಇವರೇ ಮುಳುಗುತ್ತಾರೆ ಎನಿಸಿತು.

ಕ್ಯಾಪ್ಟನ್ ಬಂದರು. ಹಡಗನ್ನು ಸುತ್ತು ಹಾಕಿದರು. ಭೂತಗನ್ನಡಿ ಹಗ್ಗದ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ಅರೆ ವಾ!" ಎಂದರು. ಆಮೇಲೆ, ನಮ್ಮ ಕನ್ನಡ ತಿಳಿದರೂ ಆಡಲು ಬಾರದ ಅವರು ಮರಾಠಿಯಲ್ಲಿ ಕೇಳಿದರು, "ತೊಡೆಯ ಮೇಲೆ ಹೊಸೆದದ್ದಾ?"

"ಹೌದು" ಎಂದರು ನಮ್ಮವರು.

"ಬಲಗೈಯವರು ತೊಡೆಯ ಮೇಲೆ ಹೊಸೆದರೆ ಎಳೆ ಎಡಕ್ಕೆ ಏರುತ್ತದೆ, ಹೋದ ವರ್ಷ ನಿಮಗೆ ಆದಂತೆ. ಬಲಕ್ಕೆ ಏರಿದೆ, ಅದೂ ಇಷ್ಟು ಸರಾಗವಾಗಿ ಏರಿದೆ ಎಂದರೆ ಹೊಸೆದವರು ಎಡಗೈಯವರು. ಯಾರು ಅವರು?"

ನಮ್ಮವರು ಬಾಯಿ ತೆರೆದರು. ಅವರ ಮಾತು ಹೊರಬೀಳುವ ಮೊದಲೇ ಅತ್ತೆ ನನ್ನನ್ನು ಮುಂದೆ ನೂಕಿದರು.

"ಇಕಿ! ನಮ್ಮ ಸೊಸಿ! ಇಕಿನ ಎಡಚಿ ನೋಡ್ರಿ!"

ಅತ್ತೆಯೂ ಎಡಚಿ! ಮುಚ್ಚಿದ ಬಾಗಿಲಿನ ಅರ್ಥ ಆ ಕ್ಷಣಕ್ಕೆ ತಲೆಗೆ ಹೋಯಿತು. ಉಣ್ಣುವುದು, ಬಡಿಸುವುದು ಎಲ್ಲ ಬಲಗೈಗೆ ರೂಢಿಸಿಕೊಂಡಿದ್ದ ಈ ಅಮ್ಮ, ಹೊಸೆಯುವುದೊಂದನ್ನು ಬದಲಿಸಲಾಗದೆ ಬಾಗಿಲ ಹಿಂದೆ ಅಡಗಿಸಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಮೂವತ್ನಾಲ್ಕು ವರ್ಷ! ತಿರುಗಿ ಅವರ ಮುಖ ನೋಡಿದೆ. ಅತ್ತೆ ನನ್ನನ್ನು ನೋಡುತ್ತಿರಲಿಲ್ಲ. ಭೀಮಣ್ಣನ ಕೊರಳು ನೋಡುತ್ತಿದ್ದರು. ದೇವರ ದಾರವನ್ನು ಎಡಗೈಯಲ್ಲಿ ಹೊಸೆದದ್ದು ಗೊತ್ತಾದರೆ ಇವರೆಲ್ಲ ಏನೆಂದಾರು ಎಂಬ ಅಂಜಿಕೆ ಆ ಮುಖದಲ್ಲಿ ಕಾಣುತ್ತಿತ್ತು. ಸಿಟ್ಟು ಬಂದದ್ದು ಹಾಗೇ ನಿಂತಿತು, ಜೊತೆಗೆ ನಗೆಯೂ ಬಂತು.

"ಹೌದ್ರಿ, ನಾನ ಹೊಸದೀನಿ" ಎಂದೆ. "ಎಲ್ಲಾ ಅತ್ತಿಯವರ ಕಲಿಸಿದ್ದು."

ಅತ್ತೆ ಕೆಮ್ಮಿದರು. ನಮ್ಮವರು ನಮ್ಮಿಬ್ಬರನ್ನೂ ಮಿಕಿಮಿಕಿ ನೋಡಿದರು. ಆದರೆ ಕ್ಯಾಪ್ಟನ್ ಬಿಡುವ ಆಸಾಮಿಯಲ್ಲ. ಜೇಬಿನಿಂದ ನೂಲಿನ ಉಂಡೆ ತೆಗೆದು, ಕುರ್ಚಿ ಎಳೆದು, "ಒಂದು ಗೇಣು ಹೊಸೆದು ತೋರಿಸಿ" ಎಂದರು.

ಕುಳಿತೆ. ಮೂರು ಎಳೆ ತೊಡೆಯ ಮೇಲಿಟ್ಟು ಎಡಗೈಯಿಂದ ಉಜ್ಜಿದೆ. ಆದದ್ದನ್ನು ಹಗ್ಗ ಎನ್ನಲು ಹಗ್ಗಕ್ಕೇ ನಾಚಿಕೆಯಾಗುತ್ತಿತ್ತು. ಬೇಕೆಂದೇ ಕೆಡಿಸಿದೆ ಎಂದು ನಮ್ಮವರು ಇಂದಿಗೂ ಹೇಳುತ್ತಾರೆ. ಮೊದಲನೆಯದನ್ನು ಅತ್ತೆಯ ಮೇಲಿನ ಸಿಟ್ಟಿಗೆ ಬೇಕೆಂದೇ ಕೆಡಿಸಿದ್ದು ನಿಜ. ಎರಡನೆಯದು, ಮೂರನೆಯದು ತಾವಾಗಿಯೇ ಕೆಟ್ಟವು. ಸುತ್ತ ಜನ ಸೇರಿದ್ದರು.

ಕ್ಯಾಪ್ಟನ್ ಭೂತಗನ್ನಡಿ ಮಡಚಿ ಜೇಬಿಗಿಟ್ಟರು. "ಆ ಹಗ್ಗ ಈ ಕೈಯದಲ್ಲ. ಅಂಗಡಿಯಿಂದ ತಂದಿದ್ದೀರಿ. ಕ್ಷಮಿಸಿ, ಹಡಗು ವರಾಂಡಕ್ಕೆ."

ನಮ್ಮವರು ನಿಜ ಹೇಳಿದರೆ ನಾಲ್ಕು ಜನರ ಮುಂದೆ ತಾಯಿಯ ಮಾತನ್ನು ಸುಳ್ಳು ಮಾಡಿದಂತಾಗುತ್ತದಲ್ಲ. ಹಡಗನ್ನು ಎರಡೂ ಕೈಯಿಂದ ಎತ್ತಿಕೊಂಡು ಬಾಗಿಲ ಕಡೆ ತಿರುಗಿದರು. ಆ ಬೆನ್ನು ನೋಡಿ ನನ್ನ ಗೇಲಿಯೆಲ್ಲ ಇಳಿದುಹೋಯಿತು. ನಾನು ಮಾಡಿದ್ದು ಅತಿಯಾಯಿತು ಎನಿಸಿತು, ನಿಜ ಹೇಳಿಬಿಡೋಣ ಎಂದು ಎದ್ದೆ.

"ಹಡಗ ಅಲ್ಲೇ ಇಡೋ, ಸಿದ್ದಾ."

ಅತ್ತೆ ನನ್ನನ್ನು ಸರಿಸಿ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಕೆಡಿಸಿದ ದಾರವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹುಳ ಎಸೆದಂತೆ ಎಸೆದರು. ಸೀರೆಯ ನೆರಿಗೆ ಬಿಗಿ ಮಾಡಿ, ಹೊಸ ಎಳೆಗಳನ್ನು ಎಡತೊಡೆಯ ಮೇಲೆ ಹರಡಿ, ಎಡಗೈಯ ಅಂಗೈ ಊರಿದರು. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಆ ಕೈಗೆ ವಯಸ್ಸೇ ಇರಲಿಲ್ಲ. ಹಗ್ಗ ಬೆಳೆಯುತ್ತ ಹೋಯಿತು. ಕ್ಯಾಪ್ಟನ್ ಜೇಬಿನ ಭೂತಗನ್ನಡಿ ಮತ್ತೆ ಹೊರಗೆ ಬಂತು.

ಭೀಮಣ್ಣನ ಕೈ ತಾನಾಗಿಯೇ ಕೊರಳಿಗೆ ಹೋಗಿತ್ತು. "ಯವ್ವಾ, ಹಂಗಾರ ಇದನ್ನೂ..."

"ಹೂಂ, ಅದನ್ನೂ ಇದಾ ಕೈಲೆ" ಎಂದರು ಅತ್ತೆ, ತಲೆ ಎತ್ತದೆ. "ಬ್ಯಾಡಾದ್ರ ಬಿಚ್ಚಿ ಕೊಡು."

ಭೀಮಣ್ಣ ದಾರವನ್ನೊಮ್ಮೆ ಸವರಿದ. "ಎಂಟು ವರ್ಷ ಆತಬೇ. ಒಮ್ಮೆರೆ ಹರದಿಲ್ಲ. ಯಾಕ ಬಿಚ್ಚಲಿ?"

ಅತ್ತೆಯ ಕೈ ಒಂದು ಕ್ಷಣ ನಿಂತು ಮತ್ತೆ ಹೊರಟಿತು. ನಮ್ಮವರು ಹಡಗನ್ನು ದೊಡ್ಡ ಮೇಜಿನ ಮೇಲೆ ಇಟ್ಟರು. ಕ್ಯಾಪ್ಟನ್ ತಾವೇ ಅದನ್ನು ನಡುವಿಗೆ ಸರಿಸಿದರು. ಇಷ್ಟಾದ ಮೇಲೆ ನಾನು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಬಗ್ಗಿ ಅತ್ತೆಯ ಕಿವಿಯಲ್ಲಿ ಹೇಳಿದೆ.

"ಮೂವತ್ನಾಲ್ಕು ವರ್ಷ ಬೈದ್ರಲ್ಲರಿ, ಅತ್ತಿ."

"ನಮ್ಮವ್ವ ಈ ಕೈ ಬೆನ್ನ ಹಿಂದ ಕಟ್ಟಿ ಉಣ್ಣಾಕ ಕುಂದ್ರಸ್ತಿದ್ಲು" ಎಂದರು ಅವರು, ಹೊಸೆಯುತ್ತಲೇ. "ನಾ ನಿಂದು ಕಟ್ಟಲಿಲ್ಲ. ಬೈದೆ, ಅಷ್ಟ."

ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡೆ.

"ನೋಡಕೋತ ನಿಂತಿ ಏನ? ತುದಿ ಹಿಡಿ, ಹುರಿ ಬಿಚ್ಚತದ."

ನಾನು ರೂಢಿಯಂತೆ ಬಲಗೈ ಚಾಚಿದೆ. ಅತ್ತೆ ತುದಿಯನ್ನು ಹಿಂದಕ್ಕೆಳೆದುಕೊಂಡರು.

"ಆ ಕೈ ಅಲ್ಲ. ಎಡಗೈಲೆ ಹಿಡಿ."