ಕಬ್ಬಿಣದ ಮನುಷ್ಯನನ್ನು ಬರೆಯುವ ಸುಲಭ ವಿಧಾನ

ಎಲ್ಲಿಂದ ಶುರು ಮಾಡೋಣ ಹೇಳಿ. ತಲೆಯಿಂದಲೋ, ಪಾದದಿಂದಲೋ? ನಾನು ಬರೆಯಹೊರಟಿದ್ದು ಹೊಸಬರಿಗೆ ರೋಬೋ ಚಿತ್ರ ಬರೆಯಲು ಕಲಿಸುವ ಪಾಠ. ಮೊದಲು ಒಂದು ಚೌಕ, ಅದರ ಕೆಳಗೆ ಇನ್ನೊಂದು ದೊಡ್ಡ ಚೌಕ, ಅಷ್ಟೇ. ಆದರೆ ಎರಡನೇ ಚೌಕ ಎಳೆಯುವಷ್ಟರಲ್ಲಿ ಕಡೂರಿನ ತೀರ್ಥಪ್ಪ ಕುಂಚ ಹಿಡಿದು ಬಂದು ನಿಂತುಬಿಟ್ಟ. ಪಾಠ ಹೋಗಿ ಕಥೆಯಾಯಿತು.

(ಮೊದಲ ಡ್ರಾಫ್ಟಿನಲ್ಲಿ ಅವನು ಯಗಟಿಯಲ್ಲಿ ಕುರಿ ಕಾಯುತ್ತಿದ್ದ. ಕುರಿಗಳು ಕಥೆಯನ್ನೇ ಮೇಯ್ದುಬಿಟ್ಟವು. ಹರಿದು ಹಾಕಿದೆ.)

೧

ಮಹಾರಾಜರ ಕಾಲ, ಸಾವಿರದ ಒಂಬೈನೂರ ಮೂವತ್ತರ ಆಚೆ ಈಚೆ. ಇಸವಿ ಕೇಳಿ ನನ್ನ ಪ್ರಾಣ ತಿನ್ನಬೇಡಿ. ತೀರ್ಥಪ್ಪ ಗುಡಿ, ಛತ್ರಗಳ ಗೋಡೆಗೆ ದೇವರ ಚಿತ್ರ ಬರೆಯುವವನು. ಕೈ ಚೊಕ್ಕ. ತೊಂದರೆ ಏನೆಂದರೆ ಅವನಿಗೆ ಬರುತ್ತಿದ್ದದ್ದು ಒಂದೇ ಮುಖ, ಹೆಂಡತಿ ಹುಲಿಗೆಮ್ಮನದು. ಲಕ್ಷ್ಮಿಗೂ ಅದೇ, ಸರಸ್ವತಿಗೂ ಅದೇ, ಮೀಸೆ ಅಂಟಿಸಿದರೆ ವೀರಭದ್ರನಿಗೂ ಅದೇ. ಅಲ್ಲಿಯವರೆಗೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ತರೀಕೆರೆಯ ಒಂದು ಛತ್ರದಲ್ಲಿ ಮೂಗು ಕೊಯ್ಸಿಕೊಳ್ಳುವ ಶೂರ್ಪನಖಿಗೆ ಆ ಮುಖ ಹಾಕಿದ ನೋಡಿ, ನೋಡಲು ಬಂದ ಜನಕ್ಕೆಲ್ಲ ಥಟ್ಟನೆ ಗುರುತು ಸಿಕ್ಕಿತು.

"ಲೇ, ಇದು ತೀರ್ಥಪ್ಪನ ಹೆಂಡ್ತಿ ಕಣ್ರೋ!"

ಜನ ಹೊಟ್ಟೆ ಹಿಡಿದು ನಕ್ಕರು. ಬುತ್ತಿ ತಂದಿದ್ದ ಹುಲಿಗೆಮ್ಮ ಬುತ್ತಿಯನ್ನು ಅಲ್ಲೇ ಕುಕ್ಕಿ, ಗಾಡಿ ಹತ್ತಿ ಸಿಂಗಟಗೆರೆಯ ತವರಿಗೆ ಹೊರಟುಹೋದಳು. ಆಮೇಲೆ ಅವಳ ತಮ್ಮ ಅಂಜಿನಪ್ಪ ಬಂದು ಸುದ್ದಿ ಮುಟ್ಟಿಸಿದ: "ಭಾವ, ನನ್ ಮುಖ ಇಲ್ದಿರೋ ಒಂದ್ ಚಿತ್ರ ಬರ್ದು ತೋರ್ಸ್ಲಿ, ಬತ್ತೀನಿ ಅಂತಾವ್ಳೆ ಅಕ್ಕ."

ಪಾಪ, ತೀರ್ಥಪ್ಪ ಗಣಪತಿಯನ್ನು ಬರೆದು ನೋಡಿದ. ಸೊಂಡಿಲಿನ ಮೇಲೆ ಹುಲಿಗೆಮ್ಮನ ಕಣ್ಣು. ತಾನೇ ತೊಳಸಿದ ಮುದ್ದೆ ಗಂಟು ಗಂಟು. ಅವಳಿಲ್ಲದ ಮನೆ ಅವನಿಗೆ ಬೇಡವಾಗಿತ್ತು.

೨

ಆಗ ಕಡೂರಿನಲ್ಲಿ ಹೊಸದಾಗಿ ಎಂಜಿನ್ ಗಿರಣಿ ಹಾಕಿದ್ದ ನಂಜುಂಡಪ್ಪ ಹೇಳಿ ಕಳಿಸಿದರು.

"ಬಿಳೀರ ಸೀಮೇಲಿ ಕಬ್ಬಿಣದ ಮನುಷ್ಯನ್ನ ಮಾಡವ್ರಂತಪ್ಪಾ ತೀರ್ಥಪ್ಪ. ಅಂಥೋನು ಒಬ್ಬ ನಮ್ ಗಿರಣಿ ಗೋಡೆ ಮ್ಯಾಲೆ ರಾಗಿ ಬೀಸ್ತಾ ನಿಂತಿರ್ಬೇಕು."

"ನೋಡೋಕೆ ಹೆಂಗಿರ್ತಾನೆ ಬುದ್ಧಿ?"

"ನಾನೇನ್ ಅವ್ನ ನೆಂಟನಾ? ಡಬ್ಬ ಡಬ್ಬ ಇರ್ತಾನಂತೆ."

ಡಬ್ಬ! ತೀರ್ಥಪ್ಪನಿಗೆ ಹೋದ ಜೀವ ಬಂದಂತಾಯಿತು. ಹೊಸಬರೇ, ಇಲ್ಲಿ ಗಮನ ಕೊಡಿ. ಮೈಗೆ ರಾಗಿ ಕಣಜದಷ್ಟು ದೊಡ್ಡ ಚೌಕ. ಕೈಕಾಲಿಗೆ ಕೊಳವೆ, ಮೊಣಕಾಲಿಗೆ ಬೋಲ್ಟು. ತಲೆಗೆ ಸೀಮೆಎಣ್ಣೆ ಡಬ್ಬ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಅಂದರೆ ಹುಲಿಗೆಮ್ಮ ಇಲ್ಲ! ಅವನು ಅಟ್ಟಣೆಯಿಂದ ಇಳಿದವನೇ, ಚಿತ್ರ ನೋಡಲು ಅಕ್ಕನನ್ನು ಕರೆದುಕೊಂಡು ಬಾ ಎಂದು ಅಂಜಿನಪ್ಪನಿಗೆ ಹೇಳಿ ಕಳಿಸಿದ.

ಅಷ್ಟರಲ್ಲಿ ನಂಜುಂಡಪ್ಪ ಊದುಬತ್ತಿ ಹಿಡಿದು ಬಂದರು.

"ಕಣ್ಣೆಲ್ಲಯ್ಯಾ? ಕಣ್ಣು ತೆರೀದ ಚಿತ್ರದ ಮುಂದೆ ದೀಪ ಹಚ್ಚಬಾರ್ದು ಅಂತ ನಾನು ನಿಂಗೆ ಹೇಳ್ಕೊಡ್ಬೇಕಾ? ಎಂಜಿನ್ ಪೂಜೆ ನಿಂತೈತೆ, ಬೇಗ ಇಡು."

"ಬುದ್ಧಿ, ಇದು ಡಬ್ಬ. ಡಬ್ಬಕ್ಕೆ ಕಣ್ಯಾಕೆ?"

"ನನ್ ಗಿರಣಿ ಡಬ್ಬ. ಕಣ್ಣಿಡು ಅಂದ್ರೆ ಇಡು."

ತೀರ್ಥಪ್ಪ ನನ್ನ ಕಡೆ ತಿರುಗಿದ. "ಸ್ವಾಮಿ, ಈ ಪೂಜೆ ಒಂದು ಕಿತ್ತಾಕ್ಬಿಡಿ. ನಿಮ್ ದಮ್ಮಯ್ಯ."

"ಕಿತ್ತರೆ ಕಥೆ ಎಲ್ಲಿರುತ್ತೋ ಮಾರಾಯ?" ಎಂದೆ.

"ನಿಮ್ ಕಥೆ ಮನೆ ಹಾಳಾಗ!" ಎಂದು ಬೈದು ಅಟ್ಟಣೆ ಹತ್ತಿದ. ಎರಡು ಚುಕ್ಕೆ ಇಟ್ಟ. ಚುಕ್ಕೆ ಬೋಳು ಬೋಳಾಗಿ ಕಂಡಿತು, ರೆಪ್ಪೆ ಎಳೆದ. ರೆಪ್ಪೆಗೆ ಹುಬ್ಬು ಬೇಕಾಯಿತು. ಪಳಗಿದ ಕೈ ಹೇಳಿದ ಮಾತು ಕೇಳುತ್ತದೆಯೇ? ಕೆಳಗಿಳಿದು ನೋಡುತ್ತಾನೆ, ಸೀಮೆಎಣ್ಣೆ ಡಬ್ಬದೊಳಗಿಂದ ಹುಲಿಗೆಮ್ಮ ದುರುಗುಟ್ಟುತ್ತಿದ್ದಾಳೆ.

೪

(ಮೂರು ಎಲ್ಲಿ ಎಂದಿರಾ? ಅದರಲ್ಲಿ ಯಂತ್ರಯುಗದ ಬಗ್ಗೆ ಎರಡು ಪುಟ ಕೊರೆದಿದ್ದೆ. ತೆಗೆದು ನಿಮಗೆ ಉಪಕಾರ ಮಾಡಿದ್ದೇನೆ.)

ಪೂಜೆಯಾಗಿ ಎಂಜಿನ್ ಡುಗುಡುಗು ಶುರುವಾಯಿತು. ಬಾಗಿಲಲ್ಲಿ ರಾಗಿ ಮೂಟೆ ಹೊತ್ತ ಜನ ಸಾಲುಗಟ್ಟಿದರು. ಅವರ ನಡುವೆ ದಾರಿ ಮಾಡಿಕೊಂಡು ನಿಜವಾದ ಹುಲಿಗೆಮ್ಮ ಒಳಗೆ ಬಂದಳು.

ಅಂತ್ಯ ಒಂದು: ಚಿತ್ರ ನೋಡಿ ಅವಳು ಪಕ್ಕನೆ ನಕ್ಕಳು, ಇಬ್ಬರೂ ಮನೆಗೆ ಹೋದರು.

"ನಾನ್ಯಾವಾಗ ನಕ್ಕೆ ಸ್ವಾಮಿ?" ಎಂದು ಹುಲಿಗೆಮ್ಮ ನನ್ನನ್ನೇ ಕೇಳಿದಳು. ಹೊಡೆದು ಹಾಕಿದೆ.

ಅಂತ್ಯ ಎರಡು: ಬಂದ ಗಾಡಿಯಲ್ಲೇ ತಿರುಗಿ ಸಿಂಗಟಗೆರೆಗೆ ಹೊರಟಳು.

"ಇಷ್ಟು ದೂರ ಬಂದಿರೋದು ತಿರುಗಿ ಹೋಗೋಕಾ? ಸುಮ್ಕಿರಿ ಒಂದ್ಗಳಿಗೆ."

ಅವಳು ಗೋಡೆಯ ಮೇಲಿನ ತನ್ನ ಮುಖ ನೋಡುತ್ತ ನಿಂತಳು. ತೀರ್ಥಪ್ಪ ಅವಳ ಕಿವಿಯ ಹತ್ತಿರ ಬಾಗಿ, "ಡಬ್ಬಾನೇ ಬರ್ದೆ ಕಣೇ, ದೇವ್ರಾಣೆ. ಕಣ್ಣಿಟ್ಟೆ, ನೀನು ಬಂದ್ಬಿಟ್ಟೆ. ನಿನ್ನ ಬಿಟ್ಟು ಇನ್ಯಾವ ಮುಖಾನೂ ನಾನು ನೆಟ್ಟಗೆ ನೋಡೇ ಇಲ್ಲ" ಎಂದ.

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಮುಖ ಬರ್ದಿದ್ದಕ್ಕೆ ಹೋದೆ ಅಂದ್ಕೊಂಡಾ? ಬರೀಬೇಡ ಅಂದಿದ್ದು ಸಿಟ್ಟಿಗೆ. ಅವತ್ತು ಊರೆಲ್ಲ ನಗ್ತಿದ್ದಾಗ ನಿನ್ ಕಡೆ ನೋಡ್ದೆ. ನೀನೂ ನಗ್ತಿದ್ದೆ."

ಇದು ನನಗೂ ಗೊತ್ತಿರಲಿಲ್ಲ, ಅಂಜಿನಪ್ಪನಿಗೂ ಹೇಳಿರಲಿಲ್ಲ ಅವಳು. ತೀರ್ಥಪ್ಪನ ಮುಖ ಸುಣ್ಣವಾಯಿತು.

"ತಪ್ಪಾಯ್ತು ಕಣೇ."

"ನನ್ ಕಿವೀಲಿ ಯಾಕೆ? ಜನದ ಮುಂದೆ ನಕ್ಕಿದ್ದೀಯ, ಜನದ ಮುಂದೆ ಹೇಳು."

ತೀರ್ಥಪ್ಪ ಬಾಗಿಲಿಗೆ ಹೋಗಿ ಮೂಟೆಗಳ ಮುಂದೆ ನಿಂತ. ತುಟಿ ಅಲ್ಲಾಡಿತು. ಎಂಜಿನ್ ಸದ್ದಿನಲ್ಲಿ ಯಾರಿಗೂ ಏನೂ ಕೇಳಲಿಲ್ಲ. "ಏನಂತಪ್ಪಾ?" ಎಂದು ಒಬ್ಬ ಕಿವಿಗೆ ಕೈ ಇಟ್ಟುಕೊಂಡ.

ನನಗೆ ಅಯ್ಯೋ ಪಾಪ ಎನಿಸಿತು. 'ಆಗ ಎಂಜಿನ್ ನಿಂತಿತು' ಎಂದು ಒಂದು ಸಾಲು ಬರೆದರೆ ಆಯಿತಲ್ಲ, ಬರೆಯೋಣ ಎಂದು ಪೆನ್ನು ಎತ್ತಿದೆ.

ಹುಲಿಗೆಮ್ಮ ನನ್ನ ಕೈ ಹಿಡಿದಳು. "ನಿಲ್ಲಿಸ್ಬೇಡಿ ಸ್ವಾಮಿ. ಕೂಗ್ಲಿ."

ತೀರ್ಥಪ್ಪ ಎದೆ ತುಂಬ ಉಸಿರೆಳೆದುಕೊಂಡ.