ಫ್ಲಾಪಿ ಸಂದಿಯ ಅಕ್ಷತೆ

ಸಾಂತಾಕ್ರೂಜಿನ ಆ ಬಿಲ್ಡಿಂಗಿನಲ್ಲಿ ಸರಸ್ವತಮ್ಮನವರ ಮಾತಿಗೇನೂ ಬರವಿರಲಿಲ್ಲ, ಕೇಳುವ ಕಿವಿಗೆ ಬರವಿತ್ತು. ಗಂಡ ತೀರಿಕೊಂಡ ಮೇಲೆ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಮಗನ ಹತ್ತಿರ ಬಂದವರು. ಮಗ ಕಿಟ್ಟು ಪಂಪ್ ಮಾರುವ ಕಂಪನಿಯಲ್ಲಿ ಮ್ಯಾನೇಜರು, ಸೊಸೆ ಸುಮಿತ್ರಾ ಬ್ಯಾಂಕಿನಲ್ಲಿ. ಬೆಳಗಾದರೆ ಇಬ್ಬರೂ ಡಬ್ಬಿ ಹಿಡಿದು ಲೋಕಲ್ ರೈಲಿಗೆ ಓಡುತ್ತಿದ್ದರು, ಸಂಜೆ ಹಿಂಡಿದ ಬಟ್ಟೆಯ ಹಾಗೆ ಬರುತ್ತಿದ್ದರು. ಹಿಂಡಿದ ಬಟ್ಟೆಯ ಹತ್ತಿರ ಏನಂತ ಮಾತಾಡುವುದು? ಎದುರು ಮನೆಯ ಗುಜರಾತಿ ಹೆಂಗಸು ಸಿಕ್ಕರೆ ‘ಹಾಂ ಹಾಂ’ ಎನ್ನುತ್ತಿದ್ದರು. ಅವರ ಹಿಂದಿ ಅಲ್ಲಿಗೆ ಮುಗಿಯುತ್ತಿತ್ತು. ಹಗಲೆಲ್ಲ ಕುಕ್ಕರಿನೊಡನೆ ಮಾತಾಡಿದರೂ ಅದು ಸೀಟಿ ಬಿಟ್ಟು ಬೇರೆ ಉತ್ತರ ಕೊಡುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ಕಂಪನಿ ಕಿಟ್ಟುವಿಗೆ ಒಂದು ಲ್ಯಾಪ್‌ಟಾಪ್ ಕೊಟ್ಟಿತು. ಇಡೀ ಆಫೀಸಿಗೆ ಇದ್ದದ್ದು ಅದೊಂದೇ ಆದ್ದರಿಂದ ಅವನು ಅದನ್ನು ಹಸುಗೂಸಿನಂತೆ ಎತ್ತಿಕೊಂಡು ತಿರುಗುತ್ತಿದ್ದ. ಆಯುಧಪೂಜೆಯ ದಿನ ಸರಸ್ವತಮ್ಮ ಈಳಿಗೆಮಣೆ, ಮಿಕ್ಸಿಗಳ ಸಾಲಿನಲ್ಲಿ ಅದನ್ನೂ ಕೂರಿಸಿ, ಕುಂಕುಮವಿಟ್ಟು, ಧಾರಾಳವಾಗಿ ಅಕ್ಷತೆ ಹಾಕಿದರು. ಮಾರನೆಯ ದಿನ ಅದು ಫ್ಲಾಪಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಒಳಗೆ ಕಂಪನಿಯ ರೇಟುಗಳ ಗುಟ್ಟಿದ್ದುದರಿಂದ ಮೆಷಿನ್ನನ್ನು ಅಂಗಡಿಗೆ ಬಿಡುವಂತಿರಲಿಲ್ಲ. ರಿಪೇರಿ ಮನೆಯಲ್ಲೇ, ಮನೆಯವರ ಕಣ್ಣೆದುರೇ ಆಗಬೇಕು. ಹಗಲಿನಲ್ಲಿ ಮನೆಯವರೆಂದರೆ ಸರಸ್ವತಮ್ಮ ಒಬ್ಬರೇ. ರಿಪೇರಿ ಕಂಪನಿಯಿಂದ ಬಂದವನು ಜಯಸಿಂಹ, ಮೈಸೂರಿನವನು, ಕುರ್ಲಾದ ಚಾಳೊಂದರ ಕೋಣೆಯಲ್ಲಿ ನಾಲ್ಕಾರು ಜನರ ಜೊತೆ ಇದ್ದವನು. ಬಾಗಿಲ ಮೇಲಿನ ಹೆಸರು ನೋಡಿಯೇ ಕನ್ನಡದವರೆಂದು ತಿಳಿದುಕೊಂಡಿದ್ದ. ಮೆಷಿನ್ ಬಿಚ್ಚಿ, ಫ್ಲಾಪಿ ತೂರಿಸುವ ಸಂದಿಯೊಳಗೆ ಚಿಮುಟ ಹಾಕಿ, ಒಂದು ಹಳದಿ ಅಕ್ಕಿಕಾಳನ್ನು ಎತ್ತಿ ತೋರಿಸಿದ.

“ಏನಮ್ಮಾ, ಮೆಷಿನ್‌ಗೂ ಊಟ ಹಾಕ್ಬಿಟ್ಟಿದ್ದೀರಾ?”

ಸರಸ್ವತಮ್ಮ ನಾಚಿಕೊಂಡು ನಕ್ಕರು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು. ಕಾಫಿ ಕೊಟ್ಟರು, ಚಿತ್ರಾನ್ನ ಬಡಿಸಿದರು. ಅವನು ತಿನ್ನುತ್ತಲೇ ವೈರಸ್ಸಿನ ವಿಷಯ ಹೇಳಿದ. ಕಂಡಕಂಡವರ ಫ್ಲಾಪಿ ಹಾಕಿದರೆ ರೋಗ ಅಂಟಿಕೊಳ್ಳುತ್ತದೆ, ಇರುವುದನ್ನೆಲ್ಲ ತಿಂದುಹಾಕುತ್ತದೆ, ಹೊರಗಿನದನ್ನು ಪರೀಕ್ಷೆ ಮಾಡಿಯೇ ಒಳಗೆ ಬಿಡಬೇಕು.

“ಅಂದ್ರೆ ಮಡಿ ಅನ್ನಪ್ಪಾ. ಅದಕ್ಕೆ ಇಷ್ಟುದ್ದ ಇಂಗ್ಲಿಷ್ ಯಾಕೆ?” ಎಂದರು ಸರಸ್ವತಮ್ಮ. ಈಗ ಅವನು ನಕ್ಕ. ಹೊರಡುವ ಹೊತ್ತಿಗೆ ಅವನ ತಾಯಿಯ ಮಂಡಿನೋವು, ತಂಗಿಯ ಕಾಲೇಜು ಎಲ್ಲ ಇವರಿಗೆ ಬಾಯಿಪಾಠವಾಗಿತ್ತು.

ಅವನು ಹೋದ ಮೇಲೆ ಮನೆ ಮೊದಲಿಗಿಂತ ಖಾಲಿಯಾಯಿತು. ರುಚಿ ನೋಡದ ನಾಲಿಗೆಗೆ ಆಸೆಯೂ ಇರುವುದಿಲ್ಲ, ನೋಡಿದ್ದೇ ತಪ್ಪಾಯಿತು. ಸರಸ್ವತಮ್ಮ ಕೆಲವು ವಾರ ತಡೆದರು. ಆಮೇಲೊಂದು ಬೆಳಿಗ್ಗೆ, ಕಿಟ್ಟು ಸ್ನಾನಕ್ಕೆ ಹೋಗಿದ್ದಾಗ, ದೇವರ ಮುಂದಿನ ಬಟ್ಟಲಿನಿಂದ ಒಂದೇ ಒಂದು ಕಾಳು ತಂದು ಆ ಸಂದಿಯೊಳಗೆ ತಳ್ಳಿದರು. ಬಚ್ಚಲ ಬಾಗಿಲ ಕಡೆ ಒಮ್ಮೆ ನೋಡಿದರು. ಕಳ್ಳತನ ಮಾಡಿ ಗೊತ್ತಿರದ ಜೀವ.

ಜಯಸಿಂಹ ಬಂದ. ಕಾಳನ್ನು ಎತ್ತಿದ, ಅದರ ಅರಿಶಿನ ಇನ್ನೂ ಹಸಿಯಾಗಿತ್ತು. ಆಯುಧಪೂಜೆ ಕಳೆದು ಯಾವ ಕಾಲವಾಗಿತ್ತು! ಒಮ್ಮೆ ಕಾಳನ್ನು, ಒಮ್ಮೆ ಅವರ ಮುಖವನ್ನು ನೋಡಿ, ರಿಪೋರ್ಟಿನಲ್ಲಿ ‘ಧೂಳು’ ಎಂದು ಬರೆದು, “ಅಮ್ಮಾ, ಕಾಫಿ ಕೊಡ್ತೀರಾ?” ಎಂದ. ಮೂರನೆಯ ಸಲವೂ ಧೂಳೇ ಆಯಿತು.

ಆದರೆ ಮೂರನೆಯ ಸಲದ ರಿಪೇರಿ ಬಾಳಿಕೆ ಬರಲಿಲ್ಲ. ಕಾಳು ಒಳಗೆ ಏನನ್ನೋ ಗೀಚಿಬಿಟ್ಟಿತ್ತು. ದೊಡ್ಡ ಗಿರಾಕಿಯೆದುರು ಫ್ಲಾಪಿ ತೆರೆದುಕೊಳ್ಳದೆ ಕಿಟ್ಟು ಮುಖಭಂಗ ಮಾಡಿಕೊಂಡು ಬಂದ.

“ಧೂಳಂತೆ ಧೂಳು! ಆ ಜಯಸಿಂಹ ಬೇಕೂಂತ್ಲೇ ಕೆಡಿಸ್ತಾನೆ. ಪದೇಪದೇ ಬಂದು ನಮ್ಮ ರೇಟೆಲ್ಲ ಕಾಪಿ ಮಾಡ್ಕೊಂಡು ಹೋಗೋಕೆ. ನಾಳೆ ಅವರ ಮ್ಯಾನೇಜರಿಗೆ ಹೇಳಿ ಕೆಲ್ಸದಿಂದ ತೆಗೆಸ್ತೀನಿ,” ಎಂದು ಊಟಕ್ಕೆ ಕೂತಲ್ಲೇ ಗುಡುಗಿದ.

ಸಾರು ಬಡಿಸುತ್ತಿದ್ದ ಸರಸ್ವತಮ್ಮನವರ ಕೈ ನಿಂತಿತು. ಸುಮ್ಮನಿದ್ದರೆ ಅವರಿಗೇನೂ ಆಗುತ್ತಿರಲಿಲ್ಲ. ಒಬ್ಬ ಹೋದರೆ ಇನ್ನೊಬ್ಬ ರಿಪೇರಿಯವನು ಬರುತ್ತಿದ್ದ. ಆದರೆ ಮಂಡಿನೋವಿನ ತಾಯಿಗೆ ಮಗನ ಮನಿಯಾರ್ಡರ್ ಹೋಗಬೇಕಲ್ಲ! ಕಳ್ಳನೆಂಬ ಹೆಸರು ಹೊತ್ತವನಿಗೆ ಈ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ?

“ಅವನು ಕೆಡಿಸ್ಲಿಲ್ಲ ಕಣೋ. ಅಕ್ಷತೆ ಹಾಕಿದ್ದು ನಾನು.”

“ಅದು ಹಬ್ಬದ ದಿನ ತಾನೇ, ಅಮ್ಮಾ? ಆಗ್ಲೇ ತೆಗ್ದಾಯ್ತಲ್ಲ.”

“ಆಮೇಲೂ ಹಾಕ್ದೆ. ಬೇಕೂಂತ್ಲೇ.”

ಕಿಟ್ಟು ತಾಯಿಯನ್ನು ಗುರುತೇ ಸಿಗದವನಂತೆ ನೋಡಿದ. “ಯಾಕಮ್ಮಾ?”

“ಮೆಷಿನ್ ಕೆಟ್ಟರೆ ಅವನು ಬರ್ತಾನೆ. ಬಂದ್ರೆ ಒಂದು ಗಳಿಗೆ ಮಾತಾಡ್ತಾನೆ.”

ಬೈದಿದ್ದರೆ ಚೆನ್ನಾಗಿತ್ತು. ಕಿಟ್ಟು ಬೈಯಲಿಲ್ಲ. ಸುಮಿತ್ರಾ ತಟ್ಟೆ ನೋಡುತ್ತಾ ಕೂತಳು. ಅನ್ನ ಆರಿತು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ಕೂತಾಗಲೂ ಆಡಲು ಮಾತಿಲ್ಲವೆಂಬುದು ಸರಸ್ವತಮ್ಮನವರಿಗೆ ಅವತ್ತೇ ಖಚಿತವಾದದ್ದು.

ಕೊನೆಯ ರಿಪೇರಿಗೆ ಕಿಟ್ಟು ರಜೆ ಹಾಕಿ ಮನೆಯಲ್ಲಿದ್ದ. ಜಯಸಿಂಹ ಅವನೊಡನೆ ಇಂಗ್ಲಿಷಿನಲ್ಲೇ ಮಾತಾಡಿದ. ಡ್ರೈವ್ ಬದಲಿಸಿ, ಆ ಸಂದಿಗೆ ಪ್ಲಾಸ್ಟಿಕ್ಕಿನ ಬೀಗವೊಂದನ್ನು ತೂರಿಸಿ ಭದ್ರಮಾಡಿದ. ಇನ್ನು ಹೊರಗಿನ ಫ್ಲಾಪಿಯೂ ಹೋಗದು, ಒಂದು ಕಾಳೂ ಹೋಗದು. ಬೀಗದ ಕೈ ಕಿಟ್ಟುವಿನ ಜೇಬು ಸೇರಿತು. ಸರಸ್ವತಮ್ಮ ತಂದ ಕಾಫಿಯನ್ನು ಜಯಸಿಂಹ ನಿಂತೇ ಕುಡಿದ. ಮಗ ಎದುರಿಗಿದ್ದುದರಿಂದ ಅವರೂ ಅವನ ತಾಯಿಯ ಮಂಡಿ ಹೇಗಿದೆಯೆಂದು ಕೇಳಲಿಲ್ಲ.

ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ದೇವರ ಮನೆಗೆ ಓಡಿ ಬಟ್ಟಲು ತಂದರು.

“ಸ್ವಲ್ಪ ಬಗ್ಗಪ್ಪಾ.”

ಅವನು ಬಗ್ಗಿ ಕಾಲು ಮುಟ್ಟಿದ. ಇದ್ದ ಅಕ್ಷತೆಯನ್ನೆಲ್ಲ ಅವನ ತಲೆಯ ಮೇಲೆ ಹಾಕಿ, “ನೂರು ಕಾಲ ಚೆನ್ನಾಗಿರು” ಎಂದರು. ಅವನು ಕಣ್ಣೆತ್ತದೆ ಮೆಟ್ಟಿಲಿಳಿದ.

ಹೊಸ್ತಿಲಿನಲ್ಲಿ ಉದುರಿದ್ದ ಕಾಳುಗಳನ್ನು ಸರಸ್ವತಮ್ಮ ಕೂತು ಒಂದೊಂದಾಗಿ ಆಯತೊಡಗಿದರು. ಒಳಗೆ ಕಿಟ್ಟು ಆಫೀಸಿಗೆ ಫೋನ್ ಮಾಡಿ ಹೇಳುತ್ತಿದ್ದುದು ಅವರಿಗೆ ಕೇಳಿಸಿತು. ಇನ್ನು ಈ ಮೆಷಿನ್ ಕೆಡುವುದಿಲ್ಲವಂತೆ, ರಿಪೇರಿಯವನು ಮಾತು ಕೊಟ್ಟು ಹೋಗಿದ್ದಾನಂತೆ.